ಪಿಸಿಓಎಸ್ ಜೊತೆ ಆರೋಗ್ಯವಾಗಿ ಬದುಕುವುದು: ಯಾವುದು ಮೊದಲು, ಯಾವುದು ಆಮೇಲೆ

ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್), ಅಂದರೆ ಜನ ಪಿಸಿಓಡಿ ಎಂದೂ ಕರೆಯುವ, ಮುಟ್ಟನ್ನು ಏರುಪೇರಾಗಿಸುವ ಹಾರ್ಮೋನು ತೊಂದರೆ ಇದೆಯೆಂದು ಗೊತ್ತಾದ ಕೂಡಲೇ ಹೆಚ್ಚಿನವರು ಮೊದಲು ರಾತ್ರಿಯ ಊಟ ಬಿಡುತ್ತಾರೆ, ಆಮೇಲೆ ಮೊಬೈಲಿನಲ್ಲಿ ಕಂಡ ಯಾವುದೋ ಪುಡಿಯನ್ನು ತರಿಸುತ್ತಾರೆ, ಕೊನೆಗೆ ವೈದ್ಯರ ಬಳಿ ಹೋಗಿ ಮೂರು ತಿಂಗಳು ಮಾತ್ರೆ ನುಂಗಿ, ಮುಟ್ಟು ಬಂದೊಡನೆ ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಅರ್ಧ ವರ್ಷ ಕಳೆಯುವಷ್ಟರಲ್ಲಿ ಮುಟ್ಟು ಮತ್ತೆ ತಪ್ಪಿರುತ್ತದೆ, ತೂಕ ಇನ್ನಷ್ಟು ಏರಿರುತ್ತದೆ, ತನ್ನ ಕೈಯಲ್ಲಿ ಆಗದು ಎಂಬ ನಿರಾಶೆಯೂ ಅದರ ಜೊತೆ ಸೇರಿರುತ್ತದೆ. ಇವರಲ್ಲಿ ಛಲಕ್ಕೆ ಕೊರತೆಯಿರುವುದಿಲ್ಲ. ಮೊದಲು ಆಗಬೇಕಾದ ಕೆಲಸ ಕೊನೆಗೂ, ಕೊನೆಯದು ಮೊದಲಿಗೂ ಬಂದಿರುತ್ತದೆ. ಆ ಕ್ರಮವನ್ನು ಸರಿಪಡಿಸುವುದಕ್ಕಾಗಿಯೇ, ಮೈಸೂರು–ಮಂಡ್ಯ ಸೀಮೆಯ ಅಡುಗೆಮನೆ, ಕೆಲಸದ ವೇಳೆ ಮತ್ತು ಆಸ್ಪತ್ರೆಗಳನ್ನು ಗಮನದಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಶುರುಮಾಡುವ ಮುನ್ನ

ಅಂಡಾಶಯದೊಳಗೆ ಪ್ರತಿ ಚಕ್ರದಲ್ಲೂ ಒಂದು ಅಂಡ ಪೂರ್ತಿ ಬಲಿತು ಹೊರಬೀಳಬೇಕು. ಪಿಸಿಓಎಸ್ ಇರುವವರಲ್ಲಿ ಅನೇಕ ಅಂಡಕೋಶಗಳು (ಅಂಡವಿರುವ ಪುಟ್ಟ ಚೀಲಗಳು) ಅರ್ಧ ಬೆಳೆದು ಅಲ್ಲೇ ನಿಲ್ಲುತ್ತವೆ. ಸ್ಕ್ಯಾನಿಂಗಿನಲ್ಲಿ ಕಾಣುವ, ಎಲ್ಲರೂ ನೀರುಗುಳ್ಳೆ ಎಂದು ಕರೆಯುವ ಚುಕ್ಕೆಗಳು ಇವೇ. ಇವು ಗೆಡ್ಡೆಗಳಲ್ಲ, ಇವನ್ನು ಆಪರೇಷನ್ ಮಾಡಿ ತೆಗೆಸಬೇಕಾಗಿಲ್ಲ, ಒಡೆಯುತ್ತವೆಯೆಂದು ಹೆದರಬೇಕಾಗಿಯೂ ಇಲ್ಲ. ತೊಂದರೆಯ ಬೇರು ಹಾರ್ಮೋನುಗಳಲ್ಲಿದೆ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ರಕ್ತದಲ್ಲಿ ಇನ್ಸುಲಿನ್ ಹೆಚ್ಚುತ್ತದೆ, ಹೆಚ್ಚಿದ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಆಂಡ್ರೋಜೆನ್ ಎಂಬ ಪುರುಷ ಹಾರ್ಮೋನನ್ನು ಹೆಚ್ಚಿಸುತ್ತದೆ, ಅದರಿಂದ ಅಂಡ ಬಲಿಯುವುದು ತಡೆಯಾಗುತ್ತದೆ, ಮುಖದಲ್ಲಿ ಕೂದಲು ಮತ್ತು ಮೊಡವೆ ಕಾಣಿಸಿಕೊಳ್ಳುತ್ತವೆ. ತೆಳ್ಳಗಿರುವವರಲ್ಲೂ ಇದು ಬರುತ್ತದೆ. ಒಂದೇ ಸಲಕ್ಕೆ ವಾಸಿಯಾಗಿ ಮುಗಿದುಹೋಗುವ ಕಾಯಿಲೆ ಇದಲ್ಲವಾದರೂ, ಹತೋಟಿಯಲ್ಲಿಟ್ಟುಕೊಂಡು ಪೂರ್ಣ ಆರೋಗ್ಯದಿಂದ ಬದುಕಲು ಖಂಡಿತ ಸಾಧ್ಯವಿದೆ.

ಬೇಕಾಗುವ ಸಾಮಾನು ಕಡಿಮೆ: ಒಂದು ಗೋಡೆ ಕ್ಯಾಲೆಂಡರ್ ಅಥವಾ ನೋಟ್‌ಬುಕ್, ಟೈಲರ್ ಬಳಸುವಂಥ ಒಂದು ಅಳತೆ ಟೇಪು, ವರದಿಗಳನ್ನೂ ಔಷಧಿ ಚೀಟಿಗಳನ್ನೂ ದಿನಾಂಕದ ಪ್ರಕಾರ ಜೋಡಿಸಿಡಲು ಒಂದು ಫೈಲು. ತೂಕದ ಯಂತ್ರ ಮನೆಯಲ್ಲಿ ಇಲ್ಲದಿದ್ದರೂ ನಡೆಯುತ್ತದೆ.

ಹಂತ 1: ಮುಟ್ಟಿನ ಲೆಕ್ಕವನ್ನು ಬರೆದಿಡುವುದು

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗಿನ ಅಂತರವೇ ಒಂದು ಚಕ್ರ. ಅನೇಕರು ಮುಟ್ಟು ನಿಂತ ದಿನದಿಂದ ಎಣಿಸುತ್ತಾರೆ, ಹೀಗಾಗಿ ಲೆಕ್ಕ ಪ್ರತಿ ಸಲವೂ ಐದಾರು ದಿನ ತಪ್ಪುತ್ತದೆ. ಬರೀ ಕಲೆಯಷ್ಟು ಕಂಡ ದಿನವನ್ನು ಬೇರೆ ಗುರುತು ಹಾಕಿ ತೋರಿಸಿ. ಮುಟ್ಟು ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಯಿತು ಎಂಬುದನ್ನೂ ಬರೆದಿಡಿ. ಹಿಂದಿನ ಆರು ತಿಂಗಳ ದಿನಾಂಕಗಳನ್ನು ಹಬ್ಬ, ಪರೀಕ್ಷೆ, ಮದುವೆಗಳ ನೆನಪಿನಿಂದ ಆದಷ್ಟು ಹೆಕ್ಕಿ ಬರೆದರೆ ವೈದ್ಯರಿಗೆ ಮೊದಲ ಭೇಟಿಯಲ್ಲೇ ಅರ್ಧ ಉತ್ತರ ಸಿಕ್ಕಿದಂತಾಗುತ್ತದೆ.

ಮೈ ನೆರೆದ ಮೊದಲ ವರ್ಷದಲ್ಲಿ ಮುಟ್ಟು ಏರುಪೇರಾಗುವುದು ಸಹಜ, ಅದಕ್ಕಾಗಿ ಯಾವ ತಾಯಿಯೂ ಮಗಳನ್ನು ಸ್ಕ್ಯಾನಿಂಗಿಗೆ ಕರೆದೊಯ್ಯಬೇಕಾಗಿಲ್ಲ. ಒಂದು ವರ್ಷ ದಾಟಿ ಮೂರು ವರ್ಷ ತುಂಬುವವರೆಗೆ ಚಕ್ರ 21 ದಿನಕ್ಕಿಂತ ಕಡಿಮೆ ಅಥವಾ 45 ದಿನಕ್ಕಿಂತ ಹೆಚ್ಚಾಗುತ್ತಿದ್ದರೆ ಗಮನಿಸಬೇಕು. ಮೂರು ವರ್ಷಗಳ ನಂತರ 21ಕ್ಕಿಂತ ಕಡಿಮೆ ಅಥವಾ 35ಕ್ಕಿಂತ ಹೆಚ್ಚು ದಿನಗಳ ಚಕ್ರ, ಇಲ್ಲವೇ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು ಅನಿಯಮಿತವೆನಿಸುತ್ತದೆ. ಹದಿನೈದು ವರ್ಷ ತುಂಬಿದರೂ ಹುಡುಗಿ ಮೈ ನೆರೆಯದಿದ್ದರೆ ಕಾಯುತ್ತ ಕೂರಬಾರದು.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪೊಂದಿದೆ. ವರಮಹಾಲಕ್ಷ್ಮಿ ಹಬ್ಬಕ್ಕೋ, ಬೆಟ್ಟದ ದರ್ಶನಕ್ಕೋ, ಮನೆಯ ಗೃಹಪ್ರವೇಶಕ್ಕೋ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುವವರು ಅದನ್ನು ಎಲ್ಲೂ ಬರೆದಿಡುವುದಿಲ್ಲ. ಮಾತ್ರೆ ಬಿಟ್ಟ ಎರಡು ಮೂರು ದಿನಗಳಲ್ಲಿ ಬರುವ ರಕ್ತಸ್ರಾವವನ್ನು ತಾನಾಗಿಯೇ ಬಂದ ಮುಟ್ಟೆಂದು ಎಣಿಸಿದರೆ ಇಡೀ ದಾಖಲೆ ದಾರಿ ತಪ್ಪಿಸುತ್ತದೆ. ಅಂಥ ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ, ತೆಗೆದುಕೊಂಡಿದ್ದರೆ ದಿನಾಂಕ ಸಮೇತ ಬರೆದಿಡಿ.

ಹಂತ 2: ಇದು ಪಿಸಿಓಎಸ್ ಹೌದೇ ಎಂದು ಖಚಿತಪಡಿಸಿಕೊಳ್ಳುವುದು

ವೈದ್ಯರು ಮೂರು ಲಕ್ಷಣಗಳನ್ನು ನೋಡುತ್ತಾರೆ. ಮೊದಲನೆಯದು ಅನಿಯಮಿತ ಮುಟ್ಟು. ಎರಡನೆಯದು ಆಂಡ್ರೋಜೆನ್ ಹೆಚ್ಚಿರುವುದು. ಇದು ಗಲ್ಲ, ಮೇಲ್ದುಟಿ, ಎದೆ, ಹೊಟ್ಟೆಗಳ ಮೇಲಿನ ಒರಟು ಕೂದಲಿನಿಂದ ತಿಳಿಯಬಹುದು, ಇಲ್ಲವೇ ರಕ್ತಪರೀಕ್ಷೆಯಿಂದ. ಮೂರನೆಯದು ಸ್ಕ್ಯಾನಿಂಗಿನಲ್ಲಿ ಅಂಡಾಶಯದ ರೂಪ, ಅಥವಾ ವಯಸ್ಕರಲ್ಲಿ ಅದರ ಬದಲಿಗೆ, ಅಂಡಕೋಶಗಳು ಎಷ್ಟಿವೆಯೆಂದು ಸೂಚಿಸುವ ಎಎಂಎಚ್ ಎಂಬ ರಕ್ತಪರೀಕ್ಷೆ. ವಯಸ್ಕರಲ್ಲಿ ಈ ಮೂರರಲ್ಲಿ ಎರಡು ಇದ್ದರೆ, ಮತ್ತು ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ, ಪಿಸಿಓಎಸ್ ಎನ್ನಬಹುದು. ಮುಟ್ಟಿನ ಏರುಪೇರು ಮತ್ತು ಆಂಡ್ರೋಜೆನ್ ಲಕ್ಷಣ ಎರಡೂ ಇದ್ದರೆ ಸ್ಕ್ಯಾನಿಂಗ್ ಇಲ್ಲದೆಯೇ ನಿರ್ಣಯ ಸಾಧ್ಯ.

ಹದಿಹರೆಯದವರ ವಿಷಯ ಬೇರೆ. ಮೈ ನೆರೆದು ಎಂಟು ವರ್ಷ ಆಗುವವರೆಗೆ ಸ್ಕ್ಯಾನಿಂಗ್ ಆಗಲಿ ಎಎಂಎಚ್ ಆಗಲಿ ಇದಕ್ಕೆ ಆಧಾರವಾಗಬಾರದು, ಏಕೆಂದರೆ ಆ ವಯಸ್ಸಿನ ಆರೋಗ್ಯವಂತ ಅಂಡಾಶಯವೂ ಹಾಗೆಯೇ ಕಾಣುತ್ತದೆ. ಅವರಲ್ಲಿ ಮೊದಲ ಎರಡು ಲಕ್ಷಣಗಳೂ ಇರಬೇಕು. ಒಂದೇ ಇದ್ದರೆ ಆ ಲಕ್ಷಣಕ್ಕೆ ಚಿಕಿತ್ಸೆ ಕೊಟ್ಟು, ಮುಂದೆ ಮತ್ತೆ ನೋಡುವುದು ಸರಿಯಾದ ದಾರಿ. ಸ್ಕ್ಯಾನಿಂಗ್ ವರದಿಯೊಂದನ್ನೇ ಹಿಡಿದು ಹದಿನಾರರ ಹುಡುಗಿಗೆ ಪಿಸಿಓಡಿ ಎಂಬ ಹಣೆಪಟ್ಟಿ ಕಟ್ಟುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆ ಮಾತು ಮದುವೆ ಮಾತುಕತೆಯವರೆಗೂ ಅವಳನ್ನು ಬೆನ್ನಟ್ಟುತ್ತದೆ.

ಮುಟ್ಟು ತಪ್ಪಲು ಥೈರಾಯ್ಡ್ ತೊಂದರೆ, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚಳ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕೆಲವು ದೋಷಗಳು ಕೂಡ ಕಾರಣವಾಗುತ್ತವೆ. ಆದ್ದರಿಂದ ಥೈರಾಯ್ಡ್ ನೋಡಲು ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟೆರೋನ್ (ಮುಖ್ಯ ಆಂಡ್ರೋಜೆನ್), ಅಗತ್ಯವಿದ್ದರೆ ಅಡ್ರಿನಲ್ ದೋಷ ನೋಡಲು 17-ಹೈಡ್ರಾಕ್ಸಿಪ್ರೊಜೆಸ್ಟೆರೋನ್ ಪರೀಕ್ಷೆಗಳನ್ನು ಮಾಡಿಸಲಾಗುತ್ತದೆ. ವಿವಾಹಿತೆಯರು ಮುಟ್ಟು ತಡವಾದಾಗ ಇವೆಲ್ಲಕ್ಕೂ ಮುಂಚೆ ಗರ್ಭಧಾರಣೆಯ ಕಿಟ್ ಪರೀಕ್ಷೆ ಮಾಡಿಕೊಳ್ಳಬೇಕು. ಪಿಸಿಓಎಸ್ ಇದೆಯೆಂದು ತಿಳಿದವರು ಈ ಸಾಧ್ಯತೆಯನ್ನೇ ಮರೆತುಬಿಡುತ್ತಾರೆ.

ಪರೀಕ್ಷೆ ಕೆಡುವುದು ಸಣ್ಣಪುಟ್ಟ ಕಾರಣಗಳಿಂದ. ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಟೆಸ್ಟೋಸ್ಟೆರೋನ್ ಫಲಿತಾಂಶವನ್ನು ನಂಬಲಾಗದು, ಸಾಮಾನ್ಯವಾಗಿ ಮೂರು ತಿಂಗಳ ಬಿಡುವು ಬೇಕಾಗುತ್ತದೆ. ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಥೈರಾಯ್ಡ್ ಮುಂತಾದ ವರದಿಗಳು ತಪ್ಪಾಗಿ ಬರಬಹುದು, ರಕ್ತ ಕೊಡುವ ಮುನ್ನ ಅದನ್ನು ವೈದ್ಯರಿಗೆ ತಿಳಿಸಿ. ಅವಿವಾಹಿತೆಯರಿಗೆ ಹೊಟ್ಟೆಯ ಮೇಲಿನಿಂದಲೇ ಸ್ಕ್ಯಾನಿಂಗ್ ಮಾಡುತ್ತಾರೆ. ಅದಕ್ಕೆ ಮೂತ್ರಕೋಶ ತುಂಬಿರಬೇಕು, ಒಂದು ಗಂಟೆ ಮುಂಚೆ ನಾಲ್ಕೈದು ಲೋಟ ನೀರು ಕುಡಿದು ಕಾಯಬೇಕು.

ಖರ್ಚಿಗೆ ಹೆದರಿ ಈ ಹಂತವನ್ನು ಬಿಡುವವರಿದ್ದಾರೆ. ಮೈಸೂರಿನ ಚೆಲುವಾಂಬ ಆಸ್ಪತ್ರೆ ಮತ್ತು ಮಂಡ್ಯದ ಮಿಮ್ಸ್ ಆಸ್ಪತ್ರೆ ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಸೇರಿದವು, ಎರಡರಲ್ಲೂ ಸ್ತ್ರೀರೋಗ ವಿಭಾಗವಿದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ, ಮುಟ್ಟಿನ ದಾಖಲೆ ಮತ್ತು ಫೈಲನ್ನು ಕೈಯಲ್ಲೇ ಇಟ್ಟುಕೊಳ್ಳಿ. ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿಗುವುದು ಕೆಲವೇ ನಿಮಿಷ, ಬರೆದ ದಾಖಲೆ ಆ ನಿಮಿಷಗಳನ್ನು ಉಳಿಸುತ್ತದೆ.

ಹಂತ 3: ಗರ್ಭಕೋಶದ ಒಳಪದರವನ್ನು ಕಾಪಾಡುವುದು

ಈ ಹಂತವನ್ನು ಊಟ, ವ್ಯಾಯಾಮಗಳಿಗಿಂತ ಮೊದಲು ಇಟ್ಟಿರುವುದು ಉದ್ದೇಶಪೂರ್ವಕವಾಗಿಯೇ. ಅಂಡ ಬಿಡುಗಡೆಯಾಗದಿದ್ದರೆ ಪ್ರೊಜೆಸ್ಟೆರೋನ್ ಹಾರ್ಮೋನು ಸ್ರವಿಸುವುದಿಲ್ಲ. ಈಸ್ಟ್ರೋಜೆನ್ ಒಂದೇ ಕೆಲಸ ಮಾಡುತ್ತ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪದರದ ಜೀವಕೋಶಗಳು ಬದಲಾಗಿ ಕ್ಯಾನ್ಸರ್‌ಗೆ ದಾರಿಯಾಗುವ ಸಂಭವ ಹೆಚ್ಚುತ್ತದೆ. ಒಟ್ಟಾರೆ ನೋಡಿದರೆ ಅದು ಅಪರೂಪವೇ, ಆದರೆ ಸುಲಭವಾಗಿ ತಪ್ಪಿಸಬಹುದಾದ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವುದೇಕೆ?

ನಿಯಮ ಸರಳ: ಗರ್ಭಿಣಿಯಲ್ಲದ ಹೆಣ್ಣಿಗೆ 90 ದಿನ ಮುಟ್ಟು ಬರದಿದ್ದರೆ ವೈದ್ಯರನ್ನು ಕಾಣಲೇಬೇಕು. ಅವರು ಸಾಮಾನ್ಯವಾಗಿ 10ರಿಂದ 14 ದಿನ ಪ್ರೊಜೆಸ್ಟೋಜೆನ್ (ಪ್ರೊಜೆಸ್ಟೆರೋನ್‌ನಂತೆ ಕೆಲಸ ಮಾಡುವ) ಮಾತ್ರೆ ಕೊಡುತ್ತಾರೆ, ಅದನ್ನು ಮುಗಿಸಿದ ಕೆಲವು ದಿನಗಳಲ್ಲಿ ಒಳಪದರ ಕಳಚಿ ರಕ್ತಸ್ರಾವವಾಗುತ್ತದೆ. ಈಸ್ಟ್ರೋಜೆನ್, ಪ್ರೊಜೆಸ್ಟೋಜೆನ್ ಎರಡೂ ಇರುವ ಸಂಯುಕ್ತ ಗರ್ಭನಿರೋಧಕ ಮಾತ್ರೆ, ಅಥವಾ ಹಾರ್ಮೋನು ಇರುವ ಗರ್ಭಕೋಶದ ಸಾಧನ ಕೂಡ ಪದರವನ್ನು ಕಾಪಾಡುತ್ತವೆ.

ಮನೆಯಲ್ಲಿ ಎಳ್ಳು–ಬೆಲ್ಲದ ಉಂಡೆ, ಪರಂಗಿಹಣ್ಣು, ಹುರುಳಿಕಟ್ಟಿನ ಸಾರು ಕೊಟ್ಟು ಮುಟ್ಟು ಬರಿಸುವ ಪ್ರಯತ್ನ ನಡೆಯುತ್ತದೆ. ಪರಂಗಿಹಣ್ಣು, ಹುರುಳಿ ಒಳ್ಳೆಯ ಆಹಾರವೇ, ತಿನ್ನಬಹುದು. ಆದರೆ ಇವುಗಳಿಂದ ಅಂಡ ಬಲಿತು ಬಿಡುಗಡೆಯಾಗುವುದಿಲ್ಲ. ಇವುಗಳ ಫಲಕ್ಕಾಗಿ ಐದಾರು ತಿಂಗಳು ಕಾಯುವುದರಲ್ಲಿ ಅಪಾಯವಿದೆ. ಹಾಗೆಯೇ ಮಾತ್ರೆಯಿಂದ ತಿಂಗಳು ತಿಂಗಳೂ ಸರಿಯಾಗಿ ಬರುವ ರಕ್ತಸ್ರಾವ ಕಾಯಿಲೆ ವಾಸಿಯಾದ ಗುರುತಲ್ಲ. ಅದು ಮಾತ್ರೆಯ ಕೆಲಸ. ಇದು ಗೊತ್ತಿಲ್ಲದೆ ಮಾತ್ರೆ ನಿಲ್ಲಿಸಿದವರೇ ಮತ್ತೆ ಮತ್ತೆ ಮೊದಲ ಹಂತಕ್ಕೆ ಮರಳುತ್ತಾರೆ.

ಹಂತ 4: ಸಕ್ಕರೆ, ರಕ್ತದೊತ್ತಡ, ಸೊಂಟದ ಅಳತೆ

ಪಿಸಿಓಎಸ್ ಇರುವವರಿಗೆ, ತೆಳ್ಳಗಿದ್ದರೂ ಸಹ, ಸಕ್ಕರೆ ಕಾಯಿಲೆ ಬೇಗ ಬರುವ ಸಂಭವ ಹೆಚ್ಚು. ಕತ್ತಿನ ಹಿಂಭಾಗ ಮತ್ತು ಕಂಕುಳಲ್ಲಿ ಕಪ್ಪಗೆ, ಮಖಮಲ್ಲಿನಂತೆ ದಪ್ಪಗಾದ ಚರ್ಮ ಇನ್ಸುಲಿನ್ ಹೆಚ್ಚಿರುವುದರ ಗುರುತು. ಅದನ್ನು ಕೊಳೆಯೆಂದು ತಿಳಿದು ಕಡಲೆಹಿಟ್ಟು, ನಿಂಬೆ, ಸೀಗೆ ಹಚ್ಚಿ ಉಜ್ಜಿ ಗಾಯ ಮಾಡಿಕೊಳ್ಳುವ ಹುಡುಗಿಯರಿದ್ದಾರೆ. ಇನ್ಸುಲಿನ್ ಹತೋಟಿಗೆ ಬಂದಂತೆ ಅದು ನಿಧಾನವಾಗಿ ತಿಳಿಯಾಗುತ್ತದೆ.

ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಯೊಂದೇ ಸಾಲದು. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯೇ ಹೆಚ್ಚು ನಿಖರ. ಹಿಂದಿನ ಮೂರು ದಿನ ಎಂದಿನಂತೆ ಊಟ ಮಾಡಿ, ರಾತ್ರಿ 8ರಿಂದ 10 ಗಂಟೆ ಏನೂ ತಿನ್ನದೆ ಬೆಳಿಗ್ಗೆ ಲ್ಯಾಬಿಗೆ ಹೋಗಬೇಕು. ಮೊದಲು ಒಂದು ಸಲ ರಕ್ತ ತೆಗೆದು, ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆಯ ನಂತರ ಮತ್ತೆ ರಕ್ತ ತೆಗೆಯುತ್ತಾರೆ. ನಡುವೆ ಕಾಫಿ ಕುಡಿಯಬಾರದು, ಮಾರ್ಕೆಟ್ಟಿಗೆ ಹೋಗಿ ಬರೋಣವೆಂದು ಹೊರಡಲೂಬಾರದು, ಕುಳಿತೇ ಇರಬೇಕು. ಬರಿಹೊಟ್ಟೆಯಲ್ಲಿ 100ರಿಂದ 125, ಅಥವಾ ಎರಡು ಗಂಟೆಯ ನಂತರ 140ರಿಂದ 199 ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದರ್ಥ; ಬರಿಹೊಟ್ಟೆಯಲ್ಲಿ 126 ಅಥವಾ ಎರಡು ಗಂಟೆಯ ನಂತರ 200 ಮುಟ್ಟಿದರೆ ಇಲ್ಲವೇ ದಾಟಿದರೆ ಸಕ್ಕರೆ ಕಾಯಿಲೆಯ ಪ್ರಮಾಣ, ಅದನ್ನು ವೈದ್ಯರು ಖಚಿತಪಡಿಸಬೇಕು. ರಕ್ತಹೀನತೆ ಇರುವವರಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ವರದಿ ದಾರಿತಪ್ಪಿಸಬಹುದು. ಅತಿಸ್ರಾವದಿಂದ ರಕ್ತ ಕಡಿಮೆಯಾದವರು ಅದೊಂದನ್ನೇ ನಂಬಬಾರದು.

ಸೊಂಟದ ಅಳತೆಯನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಟೇಪನ್ನು ಬಿಗಿಯದೆ ತೆಗೆದುಕೊಳ್ಳಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ಇದು 80 ಸೆಂಟಿಮೀಟರ್ ಮೀರಿದರೆ ಎಚ್ಚರ ಬೇಕು. ದಿನವೂ ತೂಕ ನೋಡುವುದಕ್ಕಿಂತ ತಿಂಗಳಿಗೊಮ್ಮೆ ಈ ಅಳತೆ ಬರೆದಿಡುವುದು ಮೇಲು. ತೂಕ ಅಲುಗದಿದ್ದಾಗಲೂ ಸೊಂಟ ಕರಗುತ್ತಿರಬಹುದು.

ಹಂತ 5: ಊಟದ ತಟ್ಟೆಯನ್ನು ಮರುಜೋಡಿಸುವುದು

ಪಿಸಿಓಎಸ್‌ಗೆಂದೇ ಒಂದು ವಿಶೇಷ ಪಥ್ಯವಿಲ್ಲ. ಇಂಥದ್ದೇ ಆಹಾರಕ್ರಮ ಇನ್ನೊಂದಕ್ಕಿಂತ ಉತ್ತಮವೆಂದು ಸಾಬೀತಾಗಿಲ್ಲ, ಆದ್ದರಿಂದ ನೀವು ವರ್ಷಗಟ್ಟಲೆ ಪಾಲಿಸಬಲ್ಲ ಊಟವೇ ಒಳ್ಳೆಯ ಊಟ. ಹಾಲು, ಮೊಸರು ಬಿಡಬೇಕು, ಗೋಧಿ ಮುಟ್ಟಬಾರದು ಎಂಬ ಮಾತುಗಳಿಗೆ ಎಲ್ಲರಿಗೂ ಅನ್ವಯಿಸುವಂಥ ಆಧಾರವಿಲ್ಲ.

ನಮ್ಮ ಸೀಮೆಯ ಊಟ ಇದಕ್ಕೆ ಹೇಳಿಮಾಡಿಸಿದಂತಿದೆ, ತಪ್ಪಿರುವುದು ಅದರ ಅಳತೆ. ತಟ್ಟೆಯ ಅರ್ಧ ಭಾಗ ಸೊಪ್ಪು, ತರಕಾರಿ, ಪಲ್ಯ. ಕಾಲು ಭಾಗ ಕಾಳು, ಮೊಟ್ಟೆ, ಮೀನು ಅಥವಾ ಕೋಳಿ. ಉಳಿದ ಕಾಲು ಭಾಗ ಮುದ್ದೆ ಅಥವಾ ಅನ್ನ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು–ಕಾಳಿನ ಪಲ್ಯ ತಟ್ಟೆಯ ಮೂಲೆಯಲ್ಲಿ ಒಂದು ಹಿಡಿ ಇರುತ್ತದೆ, ಮುದ್ದೆ ಮಾತ್ರ ಎರಡು ಬೀಳುತ್ತದೆ. ಇದನ್ನು ಅದಲುಬದಲು ಮಾಡಿದರೆ ಸಾಕು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಚೆನ್ನಾಗಿದೆ. ಆದರೂ ಅದು ಪಿಷ್ಟವೇ. ರಾಗಿ ಎಂಬ ಕಾರಣಕ್ಕೆ ಎಷ್ಟು ತಿಂದರೂ ನಡೆಯುತ್ತದೆಂಬ ನಂಬಿಕೆಯಿಂದ ಸಕ್ಕರೆ ಏರಿಸಿಕೊಂಡವರು ಬಹಳ. ಮುದ್ದೆಯನ್ನು ಚಿಕ್ಕದಾಗಿ ಕಟ್ಟಿ, ಮುದ್ದೆಯ ಮೇಲೆ ಮತ್ತೆ ಅನ್ನ ಬಡಿಸಿಕೊಳ್ಳುವ ರೂಢಿಯನ್ನು ಬಿಡಿ. ಎರಡರಲ್ಲಿ ಒಂದು ಸಾಕು.

ತಿನ್ನುವ ಕ್ರಮವೂ ಮುಖ್ಯ. ಪಲ್ಯ, ಕೋಸಂಬರಿ, ಕಾಳನ್ನು ಮೊದಲು ತಿಂದು ಮುದ್ದೆ ಅಥವಾ ಅನ್ನವನ್ನು ಕೊನೆಗೆ ತಿಂದರೆ ಊಟದ ನಂತರ ಸಕ್ಕರೆ ಅಷ್ಟು ವೇಗವಾಗಿ ಏರುವುದಿಲ್ಲ. ಬೆಳಗಿನ ತಿಂಡಿಯಲ್ಲಿ ಈ ತಪ್ಪು ಹೆಚ್ಚು: ಚಿತ್ರಾನ್ನ, ಪುಳಿಯೋಗರೆ, ಉಪ್ಪಿಟ್ಟು, ಇಡ್ಲಿ ಎಲ್ಲವೂ ಪಿಷ್ಟ, ಜೊತೆಗೆ ಚಟ್ನಿಯ ಹೊರತು ಬೇರೇನೂ ಇರುವುದಿಲ್ಲ. ತಿಂಡಿಯನ್ನು ಬದಲಾಯಿಸಲು ಮನೆಯವರು ಒಪ್ಪದಿದ್ದರೆ ಪ್ರಮಾಣವನ್ನು ಅರ್ಧಕ್ಕಿಳಿಸಿ, ಪಕ್ಕಕ್ಕೆ ಒಂದು ಬಟ್ಟಲು ಹೆಸರುಕಾಳು ಉಸ್ಲಿ ಅಥವಾ ಎರಡು ಬೇಯಿಸಿದ ಮೊಟ್ಟೆ ಸೇರಿಸಿಕೊಳ್ಳಿ. ಹುರುಳಿ, ಅವರೆ, ಅಲಸಂದೆ, ಕಡಲೆ ವಾರದಲ್ಲಿ ಸರದಿಯಂತೆ ಬರಲಿ. ಮಸೊಪ್ಪು, ಉಪ್ಸಾರು ಸಾಕಷ್ಟು ಇರಲಿ.

ಇನ್ನು ಕಾಫಿ–ಟೀ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಟೀ ಚಮಚ ಸಕ್ಕರೆ ಎಂದರೆ ಎಂಟು ಚಮಚ. ಚಮಚಕ್ಕೆ 4 ಗ್ರಾಂ ಹಿಡಿದರೂ ದಿನಕ್ಕೆ 32 ಗ್ರಾಂ, ತಿಂಗಳಿಗೆ ಹೆಚ್ಚುಕಡಿಮೆ 1 ಕೆಜಿ. ರಾತ್ರಿ ಊಟ ಬಿಡುವ ಮೊದಲು ಈ ಒಂದು ಕೆಜಿಯನ್ನು ಬಿಡಬೇಕು. ಮಂಡ್ಯದ ಬೆಲ್ಲವೆಂದರೆ ನಮಗೆಲ್ಲ ಪ್ರೀತಿ, ಆದರೆ ಬೆಲ್ಲವೂ ಕಬ್ಬಿನ ಸಕ್ಕರೆಯೇ, ಇನ್ಸುಲಿನ್ ದೃಷ್ಟಿಯಿಂದ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಕಬ್ಬಿನ ಹಾಲು, ಬೆಲ್ಲ ಹಾಕಿದ ರಾಗಿ ಮಾಲ್ಟ್, ಅಂಗಡಿಯ ಹಣ್ಣಿನ ರಸ ಇದೇ ಸಾಲಿಗೆ ಸೇರುತ್ತವೆ. ಹಬ್ಬದ ದಿನದ ಒಬ್ಬಟ್ಟನ್ನೋ ಮೈಸೂರು ಪಾಕನ್ನೋ ಯಾರೂ ಬಿಡಬೇಕಾಗಿಲ್ಲ. ಊಟದ ಕೊನೆಗೆ ಒಂದು ತಿಂದು ಮುಗಿಸಿ.

ಉಪವಾಸ ಮಾಡಿ ಒಂದೇ ತಿಂಗಳಲ್ಲಿ ತೂಕ ಇಳಿಸುವುದು ಬೇಡ. ಹೆಚ್ಚು ತೂಕವಿರುವವರಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಮುಟ್ಟು, ಸಕ್ಕರೆ ಸುಧಾರಿಸುವುದುಂಟು; ಅಂದರೆ 70 ಕೆಜಿ ಇರುವವರು ಮೂರೂವರೆಯಿಂದ ಏಳು ಕೆಜಿ. ತೆಳ್ಳಗಿರುವವರು ತೂಕ ಇಳಿಸಲೇಬಾರದು, ಅವರಿಗೆ ಬೇಕಾದದ್ದು ತಟ್ಟೆಯ ಜೋಡಣೆ ಮತ್ತು ಸ್ನಾಯುಬಲ.

ಹಂತ 6: ನಡಿಗೆ, ಸ್ನಾಯುಬಲ, ನಿದ್ದೆ

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಅಥವಾ ಅದಕ್ಕೆ ಸಮನಾದ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು. ತೂಕ ಇಳಿಸಲು 250 ನಿಮಿಷದಷ್ಟು ಬೇಕಾಗಬಹುದು. ತೂಕ ಒಂದಿಷ್ಟೂ ಇಳಿಯದಿದ್ದರೂ ಸ್ನಾಯುಗಳು ರಕ್ತದ ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳತೊಡಗುತ್ತವೆ. ಈ ಕಾರಣಕ್ಕೇ ಬರೀ ನಡಿಗೆಗೆ ನಿಲ್ಲಬಾರದು.

ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ಏರಿಗಳಿವೆ. ಮಂಡ್ಯದವರು ಸರ್ ಎಂ.ವಿ. ಕ್ರೀಡಾಂಗಣದಲ್ಲಿ ನಡೆಯಬಹುದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಮೊದಲ ವಾರವೇ ಹತ್ತಿ ಮಂಡಿ ನೋಯಿಸಿಕೊಂಡು ತಿಂಗಳುಗಟ್ಟಲೆ ಮಲಗುವುದು ಬೇಡ, ಎರಡು ಮೂರು ತಿಂಗಳ ನಡಿಗೆಯ ನಂತರ ಹತ್ತಿ. ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೆಳಗಿನ ಕತ್ತಲಲ್ಲಿ ಒಬ್ಬರೇ ನಾಲೆ ಏರಿಯ ಮೇಲೆ ನಡೆಯಲಾಗದು. ಮೂರು ನಾಲ್ಕು ಮಂದಿ ಜೊತೆಯಾಗಿ ಹೊರಡಿ, ಆಗದಿದ್ದರೆ ಮಹಡಿಯ ಮೇಲೆ ಅಥವಾ ಅಂಗಳದಲ್ಲೇ ನಡೆಯಿರಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆ ಸಕ್ಕರೆಗೆ ಬಹಳ ಒಳ್ಳೆಯದು. ಬಲಕ್ಕಾಗಿ ಬೈಠಕ್, ಗೋಡೆಗೆ ಕೈಯೂರಿ ಮಾಡುವ ದಂಡ, ಎರಡು ಲೀಟರಿನ ನೀರಿನ ಬಾಟಲಿ ಎತ್ತುವುದು ಸಾಕು. ಜಿಮ್ಮಿನ ಶುಲ್ಕ ಕಟ್ಟಲಾಗದು ಎಂಬುದು ಇದನ್ನು ಬಿಡಲು ಕಾರಣವಾಗಬೇಕಿಲ್ಲ.

ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ರಾತ್ರಿ ಪಾಳಿಯವರು ವ್ಯಾಯಾಮದ ಹುರುಪಿನಲ್ಲಿ ನಿದ್ದೆಯನ್ನು ಕಡಿತಗೊಳಿಸಬಾರದು. ಅಂಥವರು ವ್ಯಾಯಾಮವನ್ನು ಹತ್ತು ಹತ್ತು ನಿಮಿಷಗಳ ತುಂಡುಗಳಾಗಿ ಹಂಚಿಕೊಳ್ಳಲಿ. ಜೋರಾಗಿ ಗೊರಕೆ ಹೊಡೆಯುವುದು, ಎಷ್ಟು ಮಲಗಿದರೂ ಹಗಲಿಡೀ ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಪಿಸಿಓಎಸ್‌ನಲ್ಲಿ ಇದು ಹೆಚ್ಚು, ವೈದ್ಯರಿಗೆ ಹೇಳಿ.

ಹಂತ 7: ಮಾತ್ರೆಗಳನ್ನು ಸರಿಯಾಗಿ ಬಳಸುವುದು

ಮೆಟ್‌ಫಾರ್ಮಿನ್ ಇನ್ಸುಲಿನ್ ಕೆಲಸವನ್ನು ಸುಧಾರಿಸುವ ಮಾತ್ರೆ. ಮೊದಲ ವಾರಗಳಲ್ಲಿ ವಾಕರಿಕೆ, ಭೇದಿ, ಹೊಟ್ಟೆಯುಬ್ಬರ ಸಾಮಾನ್ಯ, ಇದಕ್ಕೆ ಹೆದರಿ ಮೂರನೇ ದಿನಕ್ಕೆ ಬಿಡುವವರು ಹೆಚ್ಚು. ಕಡಿಮೆ ಪ್ರಮಾಣದಿಂದ ಶುರುಮಾಡಿ ಒಂದೆರಡು ವಾರಕ್ಕೊಮ್ಮೆ ಏರಿಸುವುದು, ಊಟದ ಜೊತೆಗೇ ನುಂಗುವುದು, ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಕೇಳುವುದು ಇದಕ್ಕೆ ಪರಿಹಾರ. ದೀರ್ಘಕಾಲ ಬಳಸುವವರು, ಅದರಲ್ಲೂ ಸಸ್ಯಾಹಾರಿಗಳು, ಬಿ12 ಪ್ರಮಾಣವನ್ನು ಪರೀಕ್ಷಿಸಿಕೊಳ್ಳಬೇಕು. ಜನೌಷಧಿ ಕೇಂದ್ರಗಳಲ್ಲಿ ಇದು ಕಡಿಮೆ ಬೆಲೆಗೆ ಸಿಗುತ್ತದೆ.

ಸಂಯುಕ್ತ ಗರ್ಭನಿರೋಧಕ ಮಾತ್ರೆ ಮುಟ್ಟನ್ನು ಕ್ರಮಕ್ಕೆ ತರುತ್ತದೆ, ಕೂದಲು–ಮೊಡವೆಯನ್ನೂ ತಗ್ಗಿಸುತ್ತದೆ. ಅವಿವಾಹಿತೆಯರಿಗೂ ಕೊಡಬಹುದು, ಮುಂದೆ ಬಂಜೆತನ ತರುವುದಿಲ್ಲ. ಆದರೆ ಕಣ್ಣಿಗೆ ಮಿಂಚು ಅಥವಾ ಅಂಕುಡೊಂಕು ಗೆರೆ ಕಂಡ ನಂತರ ಬರುವ ಅರೆತಲೆನೋವು, ಹಿಂದೆ ರಕ್ತ ಹೆಪ್ಪುಗಟ್ಟಿದ ಇತಿಹಾಸ, ಹೆಚ್ಚಿನ ರಕ್ತದೊತ್ತಡ ಇರುವವರು ಇದನ್ನು ತೆಗೆದುಕೊಳ್ಳಬಾರದು. ಅಕ್ಕನಿಗೆ ಬರೆದುಕೊಟ್ಟ ಮಾತ್ರೆಯನ್ನು ತಂಗಿ ನುಂಗುವುದು ಆದ್ದರಿಂದಲೇ ಅಪಾಯ.

ಇಪ್ಪತ್ತೊಂದು ದಿನದಲ್ಲಿ ಪಿಸಿಓಡಿ ಮಾಯ ಎಂದು ಮಾರುವ ಪುಡಿ, ಕಷಾಯಗಳ ಬಗ್ಗೆ ಒಂದೇ ಮಾತು: ಒಳಗೆ ಏನಿದೆಯೆಂದು ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆಯದ ಯಾವುದನ್ನೂ ತಿನ್ನಬೇಡಿ, ಈಗಾಗಲೇ ತಿನ್ನುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಗಂಟೆಗೊಂದು ಪ್ಯಾಡ್ ತುಂಬುವಷ್ಟು ಸ್ರಾವ ಎರಡು ಗಂಟೆಗೂ ಮೀರಿ ಮುಂದುವರಿದರೆ, ಅಥವಾ ಸ್ರಾವದ ಜೊತೆ ತಲೆಸುತ್ತು ಬಂದರೆ ಕೂಡಲೇ ಹೊರಡಿ. ಕೆಳಹೊಟ್ಟೆಯ ಒಂದು ಬದಿಯಲ್ಲಿ ಹಠಾತ್ ತೀವ್ರ ನೋವು ಮತ್ತು ವಾಂತಿ, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ಒಂದು ಕಾಲು ಊದಿಕೊಂಡು ನೋಯುವುದು, ಎದೆನೋವು, ಉಸಿರಾಟದ ತೊಂದರೆ ಇವೂ ತುರ್ತಿನವು. ಕೆಲವೇ ತಿಂಗಳಲ್ಲಿ ಮೈಕೂದಲು ವಿಪರೀತ ಹೆಚ್ಚಿ ಧ್ವನಿ ಒಡೆದು ಗಂಡಸಿನಂತಾದರೆ ಅದು ಪಿಸಿಓಎಸ್ ಇರಲಾರದು. ಆಂಡ್ರೋಜೆನ್ ಸ್ರವಿಸುವ ಗೆಡ್ಡೆ ಇದೆಯೇ ಎಂದು ಬೇಗ ನೋಡಬೇಕು.

ಹಂತ 8: ಮುಖದ ಕೂದಲು, ಮೊಡವೆ, ಮನಸ್ಸು

ಬೆಳೆದ ಕೂದಲನ್ನು ತ್ರೆಡ್ಡಿಂಗ್, ಶೇವಿಂಗ್ ಮೂಲಕ ತೆಗೆಯಬಹುದು. ಬೋಳಿಸಿದರೆ ಕೂದಲು ಒರಟಾಗಿ ಬೆಳೆಯುತ್ತದೆಂಬುದು ನಿಜವಲ್ಲ. ಕೂದಲಿನ ಮೇಲೆ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕಾಣಲು ಆರು ತಿಂಗಳಾದರೂ ಬೇಕು, ಎರಡು ತಿಂಗಳಿಗೆ ಬೇಸತ್ತು ಬಿಡಬೇಡಿ. ಲೇಸರ್ ಮಾಡಿಸುವುದಾದರೆ ಚರ್ಮರೋಗ ತಜ್ಞರಲ್ಲೇ ಮಾಡಿಸಿ, ನಮ್ಮ ಮೈಬಣ್ಣಕ್ಕೆ ಹೊಂದದ ಯಂತ್ರದಿಂದ ಸುಟ್ಟ ಕಲೆಗಳಾಗುತ್ತವೆ. ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಿಂದ ತರುವ ಸ್ಟಿರಾಯ್ಡ್ ಬೆರೆತ ಕ್ರೀಮುಗಳು ಮೊಡವೆಯನ್ನೂ ಮುಖದ ಕೂದಲನ್ನೂ ಹೆಚ್ಚಿಸುತ್ತವೆ. ಇದನ್ನು ಪಿಸಿಓಎಸ್ ಎಂದೇ ತಿಳಿದು ಇನ್ನಷ್ಟು ಹಚ್ಚುವವರನ್ನು ಕಂಡು ಸಂಕಟವಾಗುತ್ತದೆ.

ಖಿನ್ನತೆ, ಆತಂಕ ಪಿಸಿಓಎಸ್ ಇರುವವರಲ್ಲಿ ಹೆಚ್ಚು, ಅದನ್ನು ಕೇಳಿ ನೋಡುವುದು ಚಿಕಿತ್ಸೆಯ ಒಂದು ಭಾಗ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಅಳು ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಉಚಿತ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯ ಹಿರಿಯರಲ್ಲಿ ಕೇಳಿಕೊಳ್ಳುವುದಿಷ್ಟೇ: ಬೀಗರ ಮುಂದೆ, ಮದುವೆ ಮನೆಯಲ್ಲಿ ಹುಡುಗಿಯ ತೂಕ, ಗಲ್ಲದ ಕೂದಲಿನ ಮಾತೆತ್ತಬೇಡಿ. ಅವಳೊಬ್ಬಳಿಗೇ ಬೇರೆ ಅಡುಗೆ ಮಾಡದೆ ಮನೆಮಂದಿಯೆಲ್ಲ ಅದೇ ತಟ್ಟೆಯ ಅಳತೆಯನ್ನು ಪಾಲಿಸಿ.

ಹಂತ 9: ಮಗು ಬೇಕೆನಿಸಿದಾಗ

ಮದುವೆಯಾದರೆ, ಮಗುವಾದರೆ ಪಿಸಿಓಡಿ ತಾನೇ ಹೋಗುತ್ತದೆಂದು ಹೇಳಿ ಹುಡುಗಿಯನ್ನು ಅವಸರದಲ್ಲಿ ಮದುವೆ ಮಾಡುವುದು ತಪ್ಪು; ಮದುವೆ ಹಾರ್ಮೋನುಗಳನ್ನು ಬದಲಾಯಿಸುವುದಿಲ್ಲ. ಪಿಸಿಓಎಸ್ ಇದ್ದರೆ ಮಕ್ಕಳಾಗುವುದಿಲ್ಲವೆಂಬುದೂ ತಪ್ಪು. ಅಂಡ ಆಗಾಗ ತಾನಾಗಿಯೇ ಬಿಡುಗಡೆಯಾಗುತ್ತದೆ, ಆದ್ದರಿಂದ ಸದ್ಯಕ್ಕೆ ಮಗು ಬೇಡವೆನ್ನುವವರು ಗರ್ಭನಿರೋಧಕವನ್ನು ಬಳಸಲೇಬೇಕು.

ಮಗು ಬೇಕೆಂದು ನಿರ್ಧರಿಸಿದ ಮೇಲೆ ಕೆಲವು ತಿಂಗಳು ಮುಂಚಿನಿಂದಲೇ ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿ, ಗ್ಲೂಕೋಸ್ ಪರೀಕ್ಷೆ ಮತ್ತು ರಕ್ತದೊತ್ತಡ ನೋಡಿಸಿ. ಕೂದಲಿಗೆಂದು ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರನ್ನು ಕೇಳಿ ಮೊದಲೇ ನಿಲ್ಲಿಸಬೇಕು. ಗಂಡನ ವೀರ್ಯ ಪರೀಕ್ಷೆ ಆರಂಭದಲ್ಲೇ ಆಗಲಿ. ಹೆಂಡತಿಗೆ ಹಲವು ತಿಂಗಳು ಚಿಕಿತ್ಸೆ ಕೊಟ್ಟ ಮೇಲೆ ಗಂಡನ ಕಡೆ ನೋಡುವುದು ನಮ್ಮಲ್ಲಿ ಇನ್ನೂ ನಡೆದೇ ಇದೆ. ಅಂಡ ಬಲಿಯಲು ಮೊದಲ ಆಯ್ಕೆಯ ಮಾತ್ರೆ ಲೆಟ್ರೊಜೋಲ್. ಅದನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ತೆಗೆದುಕೊಳ್ಳಬೇಕು. ಮಾತ್ರೆ, ಇಂಜೆಕ್ಷನ್‌ಗಳನ್ನು ಪ್ರಯತ್ನಿಸದೆ ನೇರವಾಗಿ, ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ ಐವಿಎಫ್‌ಗೆ ಹೋಗಿ ಎನ್ನುವ ಕಡೆ, ಬೇರೆ ಕಾರಣವಿದೆಯೇ ಎಂದು ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ಗರ್ಭ ನಿಂತ ಮೇಲೆ, ಮುಂಚೆ ಗ್ಲೂಕೋಸ್ ಪರೀಕ್ಷೆ ಆಗಿರದಿದ್ದರೆ 20 ವಾರದೊಳಗೆ, ಮತ್ತು ಎಲ್ಲರಿಗೂ 24ರಿಂದ 28 ವಾರಗಳ ನಡುವೆ ಅದನ್ನು ಮಾಡಿಸಬೇಕು.

ಹಂತ 10: ವರ್ಷ ವರ್ಷದ ತಪಾಸಣೆ

ಎಲ್ಲ ಸರಿಯಾಗಿದೆ ಅನ್ನಿಸಿದಾಗಲೂ ಫೈಲನ್ನು ಮುಚ್ಚಿಡಬಾರದು. ರಕ್ತದೊತ್ತಡ, ತೂಕ, ಸೊಂಟದ ಅಳತೆ ವರ್ಷಕ್ಕೊಮ್ಮೆ. ಗ್ಲೂಕೋಸ್ ಪರೀಕ್ಷೆ ಒಂದರಿಂದ ಮೂರು ವರ್ಷಕ್ಕೊಮ್ಮೆ. ಕೊಲೆಸ್ಟರಾಲ್ ಶುರುವಿನಲ್ಲಿ ಒಮ್ಮೆ, ಆಮೇಲೆ ವೈದ್ಯರು ಹೇಳಿದಂತೆ. ಸ್ಕ್ಯಾನಿಂಗನ್ನು ಗುಳ್ಳೆ ಕರಗಿದೆಯೇ ನೋಡಲೆಂದು ಪದೇ ಪದೇ ಮಾಡಿಸುವುದರಿಂದ ಪ್ರಯೋಜನವಿಲ್ಲ, ಆ ಹಣವನ್ನು ಗ್ಲೂಕೋಸ್ ಪರೀಕ್ಷೆಗೆ ಉಳಿಸಿಕೊಳ್ಳಿ.

ನಲವತ್ತರ ಹೊತ್ತಿಗೆ ಅನೇಕರಲ್ಲಿ ಮುಟ್ಟು ತಾನಾಗಿಯೇ ಕ್ರಮಕ್ಕೆ ಬರುತ್ತದೆ, ಆದರೆ ಸಕ್ಕರೆ ಮತ್ತು ರಕ್ತದೊತ್ತಡದ ಅಪಾಯ ಅಲ್ಲಿಗೆ ಮುಗಿಯುವುದಿಲ್ಲ. ಮುಟ್ಟು ಪೂರ್ತಿ ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷಿಸಬೇಕು. ಪಿಸಿಓಎಸ್ ಇರುವ ಹುಡುಗಿಯ ತಾಯಿ ಮತ್ತು ಒಡಹುಟ್ಟಿದವರಲ್ಲೂ ಸಕ್ಕರೆ ಕಾಯಿಲೆಯ ಸಂಭವ ಹೆಚ್ಚಿರುತ್ತದೆ. ಮಗಳನ್ನು ಲ್ಯಾಬಿಗೆ ಕರೆತಂದ ದಿನ ತಾಯಿಯೂ ಬರಿಹೊಟ್ಟೆಯಲ್ಲಿ ಬಂದು, ತನ್ನ ಸಕ್ಕರೆ ಮತ್ತು ರಕ್ತದೊತ್ತಡವನ್ನು ನೋಡಿಸಿಕೊಂಡು ಹೋಗಲಿ.